ಬೀಳು ಉತ್ತ ಮೇಲೆ

ನಮ್ಮನೆಯವರೂ ಅವರ ಅಣ್ಣನೂ ಪಾಲಾದಾಗ ಚಳ್ಳಕೆರೆಯ ಕೆರೆ ಕೆಳಗಿನ ಹೊಲವೆಲ್ಲ ಭಾವನವರ ಪಾಲಿಗೆ ಹೋಯಿತು. ನಮಗೆ ಬಂದದ್ದು ನಾಯಕನಹಟ್ಟಿ ದಾರಿಯ ಬೀಳು. ಬೀಳು ಎಂದರೆ ಯಾರೂ ಎಂದೂ ಉಳದೆ ಹುಲ್ಲು ಬೆಳೆದುಕೊಂಡ ನೆಲ. ಅದನ್ನು ಕೊಡುವಾಗ ಭಾವನವರು ಎಷ್ಟು ಅಗಲ ಇದೆ ನೋಡಿಕೋ ಎಂದು ಬಾಯಿತುಂಬ ಹೇಳಿದರು. ಅಗಲವೇನೋ ಇತ್ತು. ಅಗಲವನ್ನು ಬೇಯಿಸಿ ತಿನ್ನಲಾಗುತ್ತದೆಯೇ ಎಂದು ನನ್ನ ಬಾಯಿಗೆ ಬಂದಿತ್ತು, ಹೊಸ ಸೊಸೆಯಾದ್ದರಿಂದ ನುಂಗಿಕೊಂಡೆ.

ಆದರೆ ಆ ಬೀಳಿನಿಂದ ನನಗೊಂದು ಉಪಕಾರವಿತ್ತು. ನನ್ನ ಜೊತೆ ತವರಿನಿಂದ ಒಂದು ಹಸು ಬಂದಿತ್ತು. ಮೊಳಕಾಲ್ಮೂರು ಕಡೆಯ ನಮ್ಮ ಊರಿನಲ್ಲಿ ಮಗಳಿಗೆ ಬಳುವಳಿಯೆಂದು ಹಸು ಕೊಟ್ಟು ಕಳಿಸುತ್ತಿದ್ದರು. ಒಡವೆ ಅತ್ತೆಯ ಪೆಟ್ಟಿಗೆ ಸೇರುತ್ತಿತ್ತು, ಸೀರೆ ಉಟ್ಟು ಹರಿಯುತ್ತಿತ್ತು, ಹಸು ಮಾತ್ರ ಸೊಸೆಯದೇ. ಅದರ ಹಾಲು ಮೊಸರಿನ ವಿಷಯದಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ನಮ್ಮ ಕಡೆಯದು ತೆಲುಗು ಬೆರೆತ ಮಾತು. ಹಸುವೂ "ದಾ, ದಾ" ಎಂದು ಕರೆದರೇ ಬರುತ್ತಿತ್ತು, ಕನ್ನಡದಲ್ಲಿ ಕರೆದರೆ ಕಿವಿ ಕೂಡ ಆಡಿಸುತ್ತಿರಲಿಲ್ಲ.

"ಸೊಸೇನೂ ತೆಲುಗು, ಹಸಾನೂ ತೆಲುಗು. ಈ ಮನೆಯಾಗೆ ನಾನು ಯಾರತ್ರ ಮಾತಾಡ್ಲಿ" ಎಂದು ಅತ್ತೆಮ್ಮ ಗೊಣಗುತ್ತಿದ್ದರು. ಗೊಣಗುತ್ತಲೇ ನಗುತ್ತಿದ್ದರು.

ಹಸು ಮೇಯುತ್ತಿದ್ದದ್ದು ಆ ಬೀಳಿನಲ್ಲೇ. ಸುಗ್ಗಿ ಮುಗಿದ ಮೇಲೆ ಕುರಿಯವರು ಬಂದು ಹಗಲೆಲ್ಲ ಅಲ್ಲಿಯೇ ಮೇಯಿಸಿ, ಕತ್ತಲಾದರೆ ಮಂದೆಯನ್ನು ಅಲ್ಲಿಯೇ ಕೂಡಿಹಾಕಿ ತರುಬುತ್ತಿದ್ದರು. ಹಿಕ್ಕೆಯೆಲ್ಲ ಆ ನೆಲಕ್ಕೇ ಬೀಳುತ್ತಿತ್ತು. ಅದೂ ಒಂದು ಬೇಸಾಯವೆಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ನಮ್ಮನೆಯವರಿಗೆ ಬೀಳು ಎಂಬ ಹೆಸರೇ ಆಗುತ್ತಿರಲಿಲ್ಲ. ಯಾರಾದರೂ ನಿಮಗೆ ಹೊಲ ಎಷ್ಟು ಎಂದರೆ ಬೀಳು ಇದೆ ಎಂದು ಹೇಳಬೇಕು. ಬೀಳು ಇದ್ದವನಿಗೆ ಹೊಲ ಇಲ್ಲವೆಂದೇ ಲೆಕ್ಕ. ಭಾವನವರು ಸುಮ್ಮನಿರುತ್ತಿದ್ದರೇ?

"ಏನಲೇ ತಮ್ಮಾ, ಹುಲ್ಲು ಚೆನ್ನಾಗಿ ತೆನೆ ಬಿಟ್ಟೈತಾ?" ಎಂದು ಜನರಿದ್ದ ಕಡೆಯೇ ಕೇಳುತ್ತಿದ್ದರು. ನಮ್ಮನೆಯವರು ಅಲ್ಲಿ ನಕ್ಕು, ಮನೆಗೆ ಬಂದು ಮುದ್ದೆಯ ಮೇಲೆ ಸಿಟ್ಟು ತೀರಿಸುತ್ತಿದ್ದರು. ಮುದ್ದೆ ಮಾಡಿದವಳು ನಾನು.

ಒಂದು ದಿನ ಊಟಕ್ಕೆ ಕೂತವರು, "ಈ ಸಲ ಮಳೆ ಬೀಳ್ತಿದ್ದಂಗೆ ಬೀಳು ಉತ್ತುಬಿಡ್ತೀನಿ" ಎಂದರು.

"ಹಸ ಎಲ್ಲಿ ಮೇಯ್ಬೇಕ್ರಿ?"

"ದಿಬ್ಬದ ಕಡೆ ಒಂದು ಪಟ್ಟೆ ಬಿಡ್ತೀನಿ. ಅದು ನಿನ್ನ ಹಸಿನದು. ಅಲ್ಲಿ ನೇಗಿಲು ಇಕ್ಕಲ್ಲ, ಆತಾ?"

ಆ ಮಾತನ್ನು ನಾನು ನಂಬಿದೆ. ಹಸುವಿಗೆ ಮೇವು ತಪ್ಪಿದರೆ ಅದು ಮೇವಿದ್ದ ಭಾವನವರ ಕೊಟ್ಟಿಗೆ ಸೇರಬೇಕು. ಅಲ್ಲಿಗೆ ಹೋದ ಮೇಲೆ ಅದು ನನ್ನದಾಗಿ ಉಳಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಬೀಳು ಒಡೆಯುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಹುಲ್ಲಿನ ಬೇರು ಕಂಬಳಿ ನೇಯ್ದ ಹಾಗೆ ಹೆಣೆದುಕೊಂಡಿತ್ತು. ಎತ್ತುಗಳು ಮಂಡಿಯೂರುತ್ತಿದ್ದವು, ನೇಗಿಲು ಎಗರಿ ಬೀಳುತ್ತಿತ್ತು. ಉತ್ತ ಕಡೆಯೇ ಮತ್ತೆ ಅಡ್ಡಲಾಗಿ ಉತ್ತು, ಕುಂಟೆ ಹೊಡೆದರು. ಹಿಂದಿನಿಂದ ನಾನೂ ಅತ್ತೆಮ್ಮನೂ ಬಗ್ಗಿ ಬೇರು ಆರಿಸಿ ಗುಡ್ಡೆ ಹಾಕಿ ಸುಟ್ಟೆವು. ನಡು ಅನ್ನುವುದು ನನಗೆ ಆ ಮಳೆಗಾಲದಲ್ಲೇ ಹೋಯಿತು. ಈಗಲೂ ಎದ್ದು ಕೂರುವಾಗ ಆ ಬೀಳಿನ ನೆನಪಾಗುತ್ತದೆ.

ಮೊದಲ ವರ್ಷ ಸಜ್ಜೆ ಬಿತ್ತಿದರು. ಅಂಥ ಬೆಳೆಯನ್ನು ನಾನು ಆಮೇಲೆ ಕಾಣಲಿಲ್ಲ. ಗರಿ ಕಪ್ಪಗೆ ಕಾಣುವಷ್ಟು ಹಸಿರು, ಆಳೆತ್ತರದ ದಂಟು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಭಾವನವರೂ ಬಂದರು, ಬದುವಿನ ಮೇಲೆ ನಿಂತರು, ಒಂದು ದಂಟು ಹಿಡಿದು ನೋಡಿ ಹೋದರು. ಅವತ್ತು ನಮ್ಮನೆಯವರು ಎರಡು ಮುದ್ದೆ ಹೆಚ್ಚಿಗೆ ಉಂಡರು. ನನಗೂ ಸಂತೋಷವಾಗಿತ್ತು, ಇಲ್ಲವೆನ್ನಲಾರೆ.

ಆ ಹಸಿರು ಅವರ ತಲೆಗೇರಿತು. ನೆಲದ ಕಸುವು ನೇಗಿಲಿನಿಂದ ಬಂದದ್ದು ಎಂದುಕೊಂಡರು. ಉತ್ತಷ್ಟೂ ಅದು ಮೇಲೆ ಬರುತ್ತದೆ, ಉಳದೆ ಬಿಟ್ಟರೆ ಒಳಗೇ ಸಾಯುತ್ತದೆ ಎಂದು ಎಲ್ಲರಿಗೂ ಹೇಳಿದರು. ಮುಂದಿನ ಮಳೆಗೆ ನಾನು ಬುತ್ತಿ ಹೊತ್ತು ಹೋದಾಗ ದಿಬ್ಬದ ಪಟ್ಟೆಯಲ್ಲಿ ಕೆಂಪು ಮಣ್ಣು ಮೇಲೆದ್ದಿತ್ತು.

"ಹಸಿನದು ಅಂದಿದ್ರಲ್ಲ" ಎಂದೆ.

"ಸಜ್ಜೆ ದಂಟು ಹಾಕ್ತೀನಿ ಬಿಡೇ, ಹುಲ್ಲಿಗಿಂತ ರುಚಿ."

ಬುತ್ತಿಯನ್ನು ಅಲ್ಲಿಯೇ ಇಟ್ಟು ತಿರುಗಿ ನೋಡದೆ ಬಂದುಬಿಟ್ಟೆ. ಹಸು ಕೊಟ್ಟಿಗೆಯಲ್ಲಿ ನಿಂತು ಒಣ ದಂಟು ಕಡಿಯತೊಡಗಿತು. ಬರುಬರುತ್ತಾ ಹಾಲು ಇಳಿಯಿತು.

ಎರಡನೆಯ ಬೆಳೆ ಪರವಾಗಿಲ್ಲ ಎನ್ನುವಂತೆ ಬಂತು. ಅದರ ಮುಂದಿನದು ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಮಳೆಗೇನೂ ಕೊರತೆಯಿರಲಿಲ್ಲ. ಆದರೂ ಕೆಳಗಿನ ಗರಿಯಿಂದ ಹಳದಿ ಹತ್ತಿಕೊಂಡು ಮೇಲಕ್ಕೆ ಬಂತು. ನಮ್ಮನೆಯವರು ಉಳುಮೆ ಸಾಲಲಿಲ್ಲ ಎಂದುಕೊಂಡು ಇನ್ನೂ ಆಳಕ್ಕೆ ಉತ್ತರು. ಅದು ಇನ್ನೂ ಹಳದಿಯಾಯಿತು.

ಎಷ್ಟೋ ವರ್ಷಗಳ ಮೇಲೆ ಬೇಸಾಯದ ಇಲಾಖೆಯವರೊಬ್ಬರು ನಮ್ಮ ಜಗಲಿಯಲ್ಲಿ ಕೂತು ಇದಕ್ಕೆ ಕಾರಣ ಹೇಳಿದರು. ಹುಲ್ಲಿನ ಬೇರು, ಉದುರಿದ ಗರಿ, ದನಕುರಿಯ ಗೊಬ್ಬರ ಎಲ್ಲ ಸೇರಿ ನೆಲದಲ್ಲಿ ಸಾರಜನಕ ಎಂಬುದು ಕೂಡಿಕೊಂಡು ಬಂದಿರುತ್ತದಂತೆ. ನೆಲ ಉತ್ತರೆ ಒಳಗೆ ಗಾಳಿಯಾಡಿ ಆ ಬೇರೆಲ್ಲ ಒಮ್ಮೆಗೇ ಕೊಳೆತು, ಕೂಡಿದ್ದು ಬಿಡುಗಡೆಯಾಗುತ್ತದಂತೆ. ಬೆಳೆ ಉಂಡಷ್ಟು ಉಂಡಿತು, ಮಿಕ್ಕದ್ದು ಮಳೆಗೆ ತೊಳೆದುಹೋಯಿತು. ನಮ್ಮ ಮೊದಲ ವರ್ಷದ ಹಸಿರು ಹಳೆಯ ಹುಲ್ಲಿನದೇ ಹೊರತು ನೇಗಿಲಿನದಲ್ಲ. ಕಾಫಿ ಕೊಟ್ಟು ಕಳಿಸಿದೆ. ಅಷ್ಟು ತಡವಾಗಿ ತಿಳಿದು ಏನು ಮಾಡುವುದು, ಕೇಳಿ ಸುಸ್ತಾಯಿತು ಅಷ್ಟೆ.

ಬೆಳೆ ಹಳದಿಯಾದ ಆ ವರ್ಷ ಅತ್ತೆಮ್ಮನಿಗೆ ಮಾತ್ರ ಗೊಬ್ಬರದ ನೆನಪಾಗಿತ್ತು. "ಕುರಿ ತರುಬಿಸಪ್ಪಾ, ನೆಲ ಸುಧಾರಿಸ್ಕಂತದೆ" ಎಂದು ಮಗನಿಗೆ ಹೇಳಿದರು. ಸುಗ್ಗಿ ಮುಗಿದ ಮೇಲೆ ಕುರಿಯವರು ದಾರಿಯಲ್ಲಿ ಹೋಗುತ್ತಿದ್ದಾಗ ನಮ್ಮನೆಯವರೇ ಹೋಗಿ ಕರೆದರು. ಮಂದೆಯ ಹಿರಿಯ ಹೊಲದತ್ತ ನೋಡಿದ.

"ಇಲ್ಲಿ ಏನು ಮೇಯ್ತಾವ್ರಿ ಗೌಡ್ರೇ? ಹಗಲು ಮೇಯ್ದ್ರೆ ತಾನೇ ರಾತ್ರಿ ಹಿಕ್ಕೆ ಹಾಕೋದು" ಎಂದು ಹೇಳಿ ಮುಂದಕ್ಕೆ ನಡೆದ. ಮಂದೆ ಭಾವನವರ ಹೊಲದ ಕಡೆ ಹೋಯಿತು.

ಆ ವಾರವೇ ಭಾವನವರು ಹಸುವನ್ನು ತಮ್ಮ ಕೊಟ್ಟಿಗೆಗೆ ಹೊಡೆಯಿರಿ, ಪಾಪ, ಮೂಕಪ್ರಾಣಿ ಎಂದು ಹೇಳಿಕಳಿಸಿದರು. ಅದರ ಪಕ್ಕೆಲುಬು ಕಾಣುತ್ತಿತ್ತು. ಇಟ್ಟುಕೊಳ್ಳುವಂತಿಲ್ಲ, ಅವರಿಗೆ ಕೊಡಲು ಮನಸ್ಸಿಲ್ಲ. ಅಪ್ಪನ ಮನೆಯಲ್ಲಿ ಬಿಟ್ಟುಬರುತ್ತೇನೆ ಎಂದೆ. ನಮ್ಮನೆಯವರು ಮಾವನಿಗೆ ಮುಖ ತೋರಿಸಲು ನಾಚಿ ಹಿಂದೆ ಉಳಿದರು. ಮೊಳಕಾಲ್ಮೂರಿಗೆ ಹೋಗುತ್ತಿದ್ದ ಸೀರೆ ವ್ಯಾಪಾರದ ದಂಪತಿಗಳ ಗಾಡಿ ಹತ್ತಿ, ಹಿಂದೆ ಹಸು ಕಟ್ಟಿಕೊಂಡು ಹೊರಟೆ.

ನಮ್ಮ ಕಡೆ ಬಳುವಳಿಯ ಹಸು ತವರಿಗೆ ವಾಪಸು ಬಂತೆಂದರೆ ಮಗಳ ಸಂಸಾರ ಮುಗಿಯಿತೆಂದೇ ಅರ್ಥ. ಒಂದೋ ಗಂಡ ಬಿಟ್ಟಿರಬೇಕು, ಇಲ್ಲವೇ ತೀರಿಕೊಂಡಿರಬೇಕು. ನನಗೆ ಅದು ಗೊತ್ತಿರಲಿಲ್ಲವೆಂದಲ್ಲ, ದಣಿವಿನಲ್ಲಿ ಹೊಳೆಯಲೇ ಇಲ್ಲ. ಬಾಗಿಲಲ್ಲಿ ಕೂತಿದ್ದ ಅಪ್ಪ ಮೊದಲು ಹಸುವನ್ನು ನೋಡಿದರು, ಆಮೇಲೆ ನನ್ನ ಹಣೆಯನ್ನು. ಅವ್ವ ಒಳಗಿನಿಂದ ಓಡಿಬಂದವಳು ನನ್ನ ಎರಡೂ ಕೈ ಹಿಡಿದು ಬಳೆ ತಡವಿ ಅಳತೊಡಗಿದಳು.

"ಅವ್ವಾ, ಅವ್ರು ಚೆನ್ನಾಗವ್ರೆ. ಹುಲ್ಲಿಲ್ಲ, ಅದ್ಕೇ ತಂದೆ" ಎಂದೆ.

"ಹುಲ್ಲಿಲ್ಲ ಅಂತ ಬಳುವಳಿ ಹಿಂದಕ್ಕೆ ತರ್ತಾರೇನೇ? ನಿಜ ಹೇಳು."

ಅಪ್ಪ ಕೇಳಿದರು: "ಅಷ್ಟು ಬೀಳು ಇತ್ತಲ್ಲಮ್ಮಾ, ಏನಾತು?"

"ಉತ್ತ್ವಿ, ಅಪ್ಪಾ."

"ಎಲ್ಲಾನೂ?"

"ಹೂಂ, ಎಲ್ಲಾನೂ."

ಇದನ್ನೂ ಅವರು ನಂಬಲಿಲ್ಲ. ಸಂಜೆಯೊಳಗೆ ಕೇರಿಯ ಹೆಂಗಸರೆಲ್ಲ ಬಂದು, ಚೆನ್ನಾಗಿ ಬದುಕಿದ್ದ ನಮ್ಮನೆಯವರಿಗಾಗಿ ಕಣ್ಣೊರೆಸಿಕೊಂಡು ಹೋದರು. ಹೇಳಿ ಹೇಳಿ ನನಗೆ ಬಾಯಿ ನೋವು ಬಂತು.

ನಾನು ಹೊರಟಾಗ ಅಪ್ಪ ತಾವೇ ಜೊತೆಗೆ ಬಂದರು. ಚಳ್ಳಕೆರೆ ಸೇರಿದವರು ಮನೆಗೂ ಬಾರದೆ ನೇರ ಹೊಲಕ್ಕೆ ಹೋದರು. ಅಲ್ಲಿ ಅಳಿಯ ಆ ಹಳದಿ ಕೂಳೆಯ ನಡುವೆ ಮತ್ತೆ ಉಳುತ್ತಿದ್ದರಂತೆ. ಅಪ್ಪ ದೂರದಿಂದಲೇ ನೋಡಿ, ಮಾತಾಡಿಸದೆ ಮನೆಗೆ ಬಂದು ನೀರು ಕುಡಿದರು.

"ಹಸ ನಮ್ಮಲ್ಲೇ ಇರ್ಲಿ ಬಿಡಮ್ಮಾ. ಇನ್ನು ಕಳ್ಸಾದು ಬ್ಯಾಡ" ಎಂದಷ್ಟೇ ಹೇಳಿ ಹೊರಟುಬಿಟ್ಟರು.

ಸಂಜೆ ನಮ್ಮನೆಯವರು ಬಂದು, "ಮಾವ ಬಂದಿದ್ರಂತೆ, ಏನಂದ್ರು?" ಎಂದು ಕೇಳಿದರು.

"ಏನೂ ಅನ್ಲಿಲ್ಲ. ನೀವು ಬದುಕಿದೀರಾ ಇಲ್ವಾ ಅಂತ ನೋಡ್ಕಂಡು ಹೋಗಕ್ಕೆ ಬಂದಿದ್ರು."

ಅವರು ಜೋರಾಗಿ ನಕ್ಕುಬಿಟ್ಟರು. ಹಸು ಯಾವಾಗ ಬರುತ್ತದೆ ಎಂದು ನಗುತ್ತಲೇ ಕೇಳಿದರು. ನನಗೆ ಅಳು ಬಂತು.