ನಳಿನಾಕ್ಷಿಯ ಒಪ್ಪಿಗೆ ಪತ್ರ

ಹುಣಸೆಪಲ್ಲಿ ಪಶು ಆಸ್ಪತ್ರೆಯ ಕಾಂಪೌಂಡರ್ ವೆಂಕಟರವಣಪ್ಪನವರ ಬೀಜ ಒಡೆಯುವ ಇಕ್ಕಳಕ್ಕೆ ಸಿಗದ ಹೋರಿ ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸರ್ವೀಸು. ಅವರ ಸೈಕಲ್ ಬೆಲ್ ಕೇಳಿದರೆ ಕಟ್ಟಿದ್ದ ಹೋರಿಗಳು ಹಗ್ಗ ಜಗ್ಗುತ್ತಿದ್ದವು ಎಂದು ಜನ ಹೇಳುತ್ತಿದ್ದರು. ಅವರಿಗೆ ಅದು ಹೊಗಳಿಕೆ ಅನ್ನಿಸುತ್ತಿತ್ತು.

ಇಂಥವರ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಬೆಕ್ಕು ಮರಿ ಹಾಕುತ್ತಿತ್ತು. ಬೆಕ್ಕು ಹೆಂಡತಿ ವರಲಕ್ಷ್ಮಮ್ಮನವರದು, ಹೆಸರು ನಳಿನಾಕ್ಷಿ. ಊರಿನ ಬೆಕ್ಕುಗಳೆಲ್ಲ ಕರಿಯ, ಬಿಳಿಯ, ಬಿಲ್ಲಿ ಎಂದು ಬಾಳುತ್ತಿರುವಾಗ ಇದೊಂದಕ್ಕೆ ಮದುವೆ ಕಾಗದದಲ್ಲಿ ಅಚ್ಚು ಹಾಕಿಸುವಂಥ ಹೆಸರು. ಅದೂ ಇದು ಮೂರನೆಯ ನಳಿನಾಕ್ಷಿ. ಒಂದು ಸತ್ತರೆ ಮುಂದಿನದಕ್ಕೂ ಅದೇ ಹೆಸರು. ಯಾಕೆ ಎಂದು ಕಾಂಪೌಂಡರು ಒಂದು ದಿನವೂ ಕೇಳಿರಲಿಲ್ಲ. ಹೆಂಡತಿಯನ್ನು ಏನಾದರೂ ಕೇಳಿದರೆ ಉತ್ತರ ಬರುತ್ತದೆ ಎಂಬ ಭಯ ಅವರಿಗೆ ಮೊದಲಿನಿಂದಲೂ ಇತ್ತು.

ಆಕೆಯದು ಇನ್ನೊಂದು ಹಠ. ಗಂಡ ತಂದ ಯಾವ ಕಾಗದಕ್ಕೂ ಹನ್ನೆರಡು ವರ್ಷದಿಂದ ಸಹಿ ಹಾಕಿರಲಿಲ್ಲ. ರೇಷನ್ ಕಾರ್ಡಿನ ಅರ್ಜಿಗೂ ಇಲ್ಲ. ಹೆಂಗಸರ ಹಠ ಎಂದು ಕಾಂಪೌಂಡರು ಅದಕ್ಕೊಂದು ಕಾರಣ ಕೊಟ್ಟುಕೊಂಡು ಸುಮ್ಮನಿದ್ದರು.

ಎಂಬತ್ತೆಂಟರಲ್ಲಿ ಮಂಡಲ ಪಂಚಾಯಿತಿಯ ಪ್ರಧಾನ ನರಸಿಂಹಪ್ಪನವರು ಮೂರು ದಿನದ ತರಬೇತಿಗೆಂದು ಬೆಂಗಳೂರಿಗೆ ಹೋದರು. ಬರುವಾಗ ಒಂದು ಪ್ಲಾಸ್ಟಿಕ್ ಫೈಲು, ಒಂದು ಪೆನ್ನು ಮತ್ತು ಒಂದು ಜ್ಞಾನ ತಂದರು. ಯಾವುದೋ ದೇಶದಲ್ಲಿ ಮನೆಯಲ್ಲಿ ಸಾಕುವ ಪ್ರತಿ ಬೆಕ್ಕಿಗೂ ಆಪರೇಷನ್ ಮಾಡಿಸಲೇಬೇಕಂತೆ, ಮಾಡಿಸದಿದ್ದರೆ ಕಾನೂನು ಪ್ರಕಾರ ದಂಡವಂತೆ. ಅದೇ ತಿಂಗಳು ಪ್ರಧಾನರ ಮನೆಯಲ್ಲಿ ರೇಷ್ಮೆಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಯ ಮೇಲೆ ಯಾರದೋ ಬೆಕ್ಕು ಮಲಗಿ ಐದು ಮರಿ ಹಾಕಿತ್ತು. ಜ್ಞಾನಕ್ಕೆ ಸಿಟ್ಟು ಸೇರಿದ ಮೇಲೆ ಕಾನೂನು ಆಗದೆ ಇರುತ್ತದೆಯೇ?

ಚರಂಡಿ, ಬೀದಿ ದೀಪ, ಕೆಟ್ಟ ಬೋರ್‌ವೆಲ್ ಮೂರನ್ನೂ ಮುಂದಿನ ಸಭೆಗೆ ತಳ್ಳಿ ಠರಾವು ಪಾಸಾಯಿತು. ಮಂಡಲದ ವ್ಯಾಪ್ತಿಯ ಪ್ರತಿ ಸಾಕುಬೆಕ್ಕಿಗೂ ಸಂತಾನಹರಣ ಚಿಕಿತ್ಸೆ ಕಡ್ಡಾಯ. ಯಾರು ಹಾಲು ಹಾಕುತ್ತಾರೋ ಅವರೇ ಬೆಕ್ಕಿನ ಯಜಮಾನರು, ಅವರ ಸಹಿ ಬೇಕು. ಆಪರೇಷನ್ ಆಗದ ಬೆಕ್ಕನ್ನು ಹಿಡಿದು ಗಡಿಯಾಚೆ ಬಿಡಲಾಗುವುದು. ಗಡಿಯಾಚೆ ಅಂದರೆ ಆಂಧ್ರ. ಆಂಧ್ರದವರನ್ನು ಯಾರೂ ಕೇಳಿರಲಿಲ್ಲ.

ಕಾನೂನಿಗೆ ಫಾರಂ ಬೇಕಲ್ಲ. ಕಾರ್ಯದರ್ಶಿ ಬಯ್ಯಪ್ಪನವರ ಬೀರುವಿನಲ್ಲಿ ಎಪ್ಪತ್ತಾರನೇ ಇಸವಿಯ ಕುಟುಂಬ ಯೋಜನೆಯ ಫಾರಂಗಳು ಒಂದು ಕಟ್ಟು ಉಳಿದಿದ್ದವು. ಅರ್ಧ ಕಟ್ಟು ಆಗಲೇ ಹುಳು ಸಾಕುವ ತಟ್ಟೆಗಳಿಗೆ ಹಾಸಾಗಿ ಹೋಗಿತ್ತು. ಉಳಿದರ್ಧ ಬೆಕ್ಕುಗಳ ಪಾಲಿಗೆ ಬಂತು. ಹೆಸರು, ಗಂಡ ಅಥವಾ ಹೆಂಡತಿಯ ಒಪ್ಪಿಗೆ, ಜೀವಂತ ಮಕ್ಕಳೆಷ್ಟು, ಅವರ ಹೆಸರುಗಳು. ಒಂದು ಅಂಕಣವನ್ನೂ ಹೊಡೆದುಹಾಕಬಾರದು, ಸರ್ಕಾರಿ ಫಾರಂ ಎಂದು ಬಯ್ಯಪ್ಪನವರು ತಾಕೀತು ಮಾಡಿದರು.

ರೇಷ್ಮೆ ನೂಲು ತೆಗೆಯುವ ಉಸ್ಮಾನ್ ಸಾಬರ ಬಳಿ ಗೂಡಿಗೆ ಇಲಿ ಬೀಳದ ಹಾಗೆ ಕಾಯಲು ಮೂರು ಗಂಡುಬೆಕ್ಕುಗಳಿದ್ದವು. ಅವರು ಫಾರಂ ತಿರುಗಿಸಿ ತಿರುಗಿಸಿ ನೋಡಿದರು.

"ಕಾಂಪೌಂಡರ್ ಸಾಬ್, ಹೆಂಡ್ತಿ ಒಪ್ಪಿಗೆ ಅಂತ ಇದೆ. ಇವಕ್ಕೆ ಹೆಂಡ್ತೀರು ಇಲ್ಲಿಂದ ಮುರುಗಮಲ್ಲ ತನಕ ಅವರೆ. ಯಾರ್ನ ಕರ್ಕೊಂಡು ಬರ್ಲಿ?"

"ನೀವೇ ಒಂದು ಹೆಸರು ಬರ್ಕೊಳಿ ಸಾಬ್ರೇ. ಯಾರು ನೋಡ್ತಾರೆ," ಅಂದರು ವೆಂಕಟರವಣಪ್ಪನವರು. ಹೆಸರು ಬರೆದುಕೊಳ್ಳುವುದು ಅವರಿಗೆ ಹೊಸ ವಿದ್ಯೆಯಲ್ಲ.

ಹಳೇ ಪ್ಯಾಂಟಿನ ಕಾಲಿನೊಳಗೆ ಒಂದೊಂದರ ತಲೆ ತೂರಿಸಿ ಮೂರು ಗಂಡುಬೆಕ್ಕುಗಳ ಕೆಲಸ ಮುಗಿಸುವಷ್ಟರಲ್ಲಿ ಕಾಂಪೌಂಡರ ಎರಡು ಕೈಯೂ ಮೊಣಕೈ ತನಕ ಗೀರಿಹೋಗಿದ್ದವು. ಹೋರಿಗಳು ಎಷ್ಟು ಸಭ್ಯ ಪ್ರಾಣಿಗಳು ಎಂದು ಅವರಿಗೆ ಆವತ್ತು ತಿಳಿಯಿತು. ಹೆಣ್ಣುಬೆಕ್ಕಿಗಾದರೆ ಹೊಟ್ಟೆ ಕೊಯ್ಯಬೇಕು, ಅದು ಡಾಕ್ಟರ ಕೆಲಸ. ಗುರುವಾರ ಗುರುವಾರ ಬರುವ ಡಾಕ್ಟರು ಸತ್ಯವಂತರು.

"ಕಾಲೇಜಲ್ಲಿ ಒಂದ್ಸಲ ನೋಡಿದೀನಿ ಕಣ್ರೀ. ಹಿಂದಿನ ಸಾಲಲ್ಲಿ ನಿಂತಿದ್ದೆ," ಅಂದರು.

ಆದರೂ ಪ್ರಧಾನರು ಬಿಡಲಿಲ್ಲ. "ಏಮಪ್ಪಾ ಕಾಂಪೌಂಡರೇ, ಊರಿಗೆಲ್ಲ ಹೇಳೋರು ನೀವು, ನಿಮ್ಮನೇಲೇ ಬಾಣಂತನ ನಡೀತಾ ಐತೆ. ಹೆಣ್ಣುಬೆಕ್ಕಲ್ಲಿ ಒಂದನೇ ನಂಬರ್ ಸರ್ಟಿಫಿಕೇಟು ನಿಮ್ಮದೇ ಆಗ್ಬೇಕು. ಗುರುವಾರದೊಳಗೆ ಮನೆಯಮ್ಮನ ಸಹಿ ತಗೊಂಡು ಬನ್ನಿ. ಇಲ್ಲದಿದ್ರೆ ಬೆಕ್ಕು ಹಿಡಿಯೋ ಜೀಪು ಮೊದಲು ನಿಮ್ಮನೆ ಮುಂದೇನೇ ನಿಲ್ತೈತೆ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳಿದ್ದವಂತೆ. ಹೆಂಡತಿಯ ಮುಂದೆ ಫಾರಂ ಹಿಡಿಯುವವರು ಯಾರು ಎಂದು ಕಾಂಪೌಂಡರು ಕೇಳಲಿಲ್ಲ, ಕೇಳಲು ಬೇರೆ ಇಲಿಗಳೂ ಇರಲಿಲ್ಲ. ಬುಧವಾರ ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆಯುವ ಮೊದಲೇ ಮಾತು ತೆಗೆದರು.

ವರಲಕ್ಷ್ಮಮ್ಮನವರು ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದ ಮೊರದಲ್ಲಿ ಹಳೇ ಸೀರೆಯ ಮೇಲೆ ನಳಿನಾಕ್ಷಿ ಮಲಗಿತ್ತು. ನಾಲ್ಕು ಮರಿ, ಕಣ್ಣು ಬಿಟ್ಟು ಎರಡು ದಿನ.

"ಒಂದು ಸಹಿ ಕಣೇ. ಇಲ್ಲದಿದ್ರೆ ಬೆಕ್ಕನ್ನ ಹಿಡ್ಕೊಂಡು ಹೋಗಿ ಗಡಿಯಾಚೆ ಬಿಡ್ತಾರೆ."

ಆಕೆ ಫಾರಂ ತೆಗೆದುಕೊಂಡರು. ತೆಗೆದುಕೊಂಡರಲ್ಲ ಎಂದು ಕಾಂಪೌಂಡರಿಗೆ ಅರ್ಧ ಜೀವ ಬಂತು. ಆಕೆ ಮೇಲಿಂದ ಕೆಳಗೆ ಓದಿ, ಬೆರಳಿನಿಂದ ಜೀವಂತ ಮಕ್ಕಳ ಅಂಕಣ ತೋರಿಸಿದರು.

"ಇದು ಅದೇ ಫಾರಂ ಅಲ್ವೇನ್ರೀ?"

"ಯಾವುದು?"

"ಗೌರಿಬಿದನೂರಲ್ಲಿದ್ದಾಗ ನಂಗೆ ತಂದುಕೊಟ್ರಲ್ಲ, ಅದು."

ಕಾಂಪೌಂಡರು ಬಗ್ಗಿ ಫಾರಂ ಮೇಲಿನ ಇಸವಿ ನೋಡಿದರು. ಎಪ್ಪತ್ತಾರರಲ್ಲಿ ಸರ್ಕಾರಿ ನೌಕರರೆಲ್ಲ ಇಷ್ಟಿಷ್ಟು ಸಂತಾನಹರಣದ ಕೇಸು ತರಬೇಕು, ತರದಿದ್ದರೆ ಸಂಬಳ ನಿಲ್ಲುತ್ತದೆ ಎಂದಿತ್ತು. ಅವರಿಗೆ ಒಂದೇ ಒಂದು ಕೇಸು ಕಡಿಮೆ ಬಿದ್ದಿತ್ತು. ಮನೆಯಲ್ಲಿ ಏಳು ವರ್ಷದ ಮಗಳು ಶ್ಯಾಮಲ ಒಬ್ಬಳೇ. ಎರಡು ಮಕ್ಕಳಾದ ಹೊರತು ಕೇಸು ಲೆಕ್ಕಕ್ಕಿಲ್ಲ. ಅವರು ಪೆನ್ನು ತೆಗೆದು ಎರಡು ಎಂದು ಬರೆದಿದ್ದರು. ಹೆಂಡತಿ ಕಣ್ಣು ಒರೆಸಿಕೊಂಡು ಸಹಿ ಹಾಕಿದ್ದರು. ಸ್ಕೂಲಿನ ಕಟ್ಟಡದಲ್ಲಿ ಕ್ಯಾಂಪು, ಬೆಂಚಿನ ಮೇಲೆ ಆಪರೇಷನ್ನು. ಆ ತಿಂಗಳು ಸಂಬಳ ಸರಿಯಾಗಿ ಬಂತು.

"ಅವತ್ತು ಒಂದನ್ನ ಎರಡು ಅಂತ ಬರೆದ್ರಿ," ಅಂದರು ವರಲಕ್ಷ್ಮಮ್ಮ. ದನಿ ಏರಲಿಲ್ಲ, ಕೈ ಅವರೆಕಾಯಿ ಸುಲಿಯುತ್ತಲೇ ಇತ್ತು. "ಎರಡನೇದಕ್ಕೆ ಹೆಸರು ಬೇಕು ಅಂತ ಕ್ಯಾಂಪಲ್ಲಿ ಕೇಳಿದ್ರು. ನೀವು ಹೇಳಿದ್ರಿ. ಏನು ಹೇಳಿದ್ರಿ, ಜ್ಞಾಪಕ ಐತಾ?"

ಜ್ಞಾಪಕವಿರಲಿಲ್ಲ. ಆ ವರ್ಷ ಅವರು ಹುಟ್ಟಿಸಿದ ಹೆಸರುಗಳು ಒಂದೇ ಎರಡೇ? ಆದರೆ ಮೊರದ ಕಡೆ ಕಣ್ಣು ಹೋಯಿತು. ಹನ್ನೆರಡು ವರ್ಷದಿಂದ ದಿನಕ್ಕೆ ನಾಲ್ಕು ಸಲ ಈ ಮನೆಯಲ್ಲಿ ಯಾರೋ ಆ ಹೆಸರು ಕೂಗಿ ಹಾಲಿಗೆ ಕರೆಯುತ್ತಿದ್ದರು, ಅವರು ಪೇಪರ್ ಓದುತ್ತ ಕೂತಿರುತ್ತಿದ್ದರು.

"ಒಳ್ಳೇ ಹೆಸರು ಇಟ್ರಿ," ಅಂದರು ಆಕೆ. "ನಂಗೆ ಮನಸ್ಸಿಗೆ ಹಿಡೀತು. ಅದಕ್ಕೇ ಇಟ್ಕೊಂಡೆ."

ಹೋರಿಗಳ ಯಮ ಊಟಕ್ಕೆ ಕೂತು ಬರಿದೇ ಅನ್ನ ಕಲಸಿದರು. ನಾಚಿಕೆಯಾಯಿತು, ಅದು ಹನ್ನೆರಡು ವರ್ಷ ತಡವಾಗಿ ಬಂದ ನಾಚಿಕೆ ಎಂದು ಇನ್ನೂ ನಾಚಿಕೆಯಾಯಿತು. ಎಲೆ ಮಡಚಿ, ಸಹಿಯಿಲ್ಲದ ಫಾರಂ ಜೇಬಿಗೆ ಹಾಕಿಕೊಂಡು ಸೈಕಲ್ ಏರಿದರು.

ಪಂಚಾಯಿತಿ ಆಫೀಸಿನಲ್ಲಿ ಬಯ್ಯಪ್ಪನವರು ಮನೆವಾರು ಬೆಕ್ಕಿನ ರಿಜಿಸ್ಟರು ತೆರೆದಿಟ್ಟಿದ್ದರು. ಫಾರಂ ನೋಡಿ ಗೆರೆ ಹಾಕಿದ್ದರಿಂದ ಮಕ್ಕಳ ಅಂಕಣ ಅದರಲ್ಲೂ ಇತ್ತು. ಕಾಂಪೌಂಡರು ತಮ್ಮ ಮನೆ ನಂಬರಿನ ಮುಂದೆ ತಾವೇ ಬರೆದರು. ಬೆಕ್ಕು: ಇಲ್ಲ. ಮಕ್ಕಳು: ಎರಡು. ಶ್ಯಾಮಲ, ನಳಿನಾಕ್ಷಿ.

ಬಯ್ಯಪ್ಪನವರು ಕನ್ನಡಕ ಏರಿಸಿದರು. "ಶ್ಯಾಮಲಮ್ಮನ್ನ ನಾನೂ ಬಲ್ಲೆ, ತೊಂಡೇಬಾವಿಗೆ ಕೊಟ್ಟಿದೀರಿ. ಇದ್ಯಾವ್ದು ಸ್ವಾಮಿ ನಳಿನಾಕ್ಷಿ? ಅದು ಬೆಕ್ಕಲ್ವಾ?"

"ಎಪ್ಪತ್ತಾರನೇ ಇಸವಿಯಿಂದ ಸರ್ಕಾರಿ ದಾಖಲೇಲಿ ನನ್ನ ಮಗಳು ಬಯ್ಯಪ್ಪ. ತೆಗೆಸಿ ನೋಡಿ. ದಾಖಲೆ ಸುಳ್ಳು ಅಂತ ನೀವು ಬರ್ಕೊಡಿ, ಬೆಕ್ಕನ್ನ ನಾನೇ ತಂದು ಕೊಡ್ತೀನಿ."

ಸರ್ಕಾರಿ ದಾಖಲೆ ಸುಳ್ಳು ಎಂದು ಬರೆದುಕೊಡುವ ಕಾರ್ಯದರ್ಶಿ ಇನ್ನೂ ಹುಟ್ಟಿಲ್ಲ. ಗುರುವಾರ ಜೀಪು ಬರಲಿಲ್ಲ. ಡಾಕ್ಟರು ಎರಡು ಹಸು ನೋಡಿ, ನೆಮ್ಮದಿಯಾಗಿ ಬಸ್ಸು ಹತ್ತಿದರು.

ರಿಜಿಸ್ಟರು ಬರೆದು ಬುಧವಾರ ಸಂಜೆ ಕಾಂಪೌಂಡರು ಮನೆಗೆ ಬಂದಾಗ ವರಲಕ್ಷ್ಮಮ್ಮನವರು ಕೇಳಿದ್ದು ಒಂದೇ.

"ಏನಂತ ಬರೆದ್ರಿ?"

"ಎರಡು ಅಂತ."

"ಹೆಸರು?"

"ಬರೆದೆ."

ಆಕೆ ಸ್ವಲ್ಪ ಹೊತ್ತು ಗಂಡನ ಗೀರುಬಿದ್ದ ಕೈಗಳನ್ನು ನೋಡಿದರು. ಕ್ಷಮಿಸಿದೆ ಎನ್ನಲಿಲ್ಲ, ಅವರೂ ಕೇಳುವ ಧೈರ್ಯ ಮಾಡಲಿಲ್ಲ. ಹಾಲಿನ ಬಟ್ಟಲನ್ನು ಗಂಡನ ಕೈಗೆ ಕೊಟ್ಟು, "ಹಾಗಾದ್ರೆ ಇವತ್ತು ನೀವೇ ಕರೀರಿ," ಅಂದರು.

ವೆಂಕಟರವಣಪ್ಪನವರು ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಆ ಹೆಸರು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.