ಗವಿಬಂಡೆಯ ನಾಗರಾಜ

ನಾಗರಾಜನ ಬಾಯಿ ಯಾವಾಗಲೂ ಕೆಂಪಗಿರುತ್ತಿತ್ತು. ಎಲೆಅಡಿಕೆ ಹಾಕುವವನಲ್ಲ, ಮಣ್ಣು ಹಾಕುವವನು. ಕೆಮ್ಮಣ್ಣನ್ನು ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ ಬಾಯಿತುಂಬ ತುಂಬಿಕೊಳ್ಳುವನು. ಎಡಗೈಯನ್ನು ಬಂಡೆಗೆ ಒತ್ತಿಟ್ಟು ಅದರ ಮೇಲೆ ಪುರ್ರನೆ ಊದುವನು. ಕೈ ತೆಗೆದರೆ ಸುತ್ತ ಕೆಂಪು, ನಡುವೆ ಕೈಯ ಆಕಾರಕ್ಕೆ ಬರೀ ಕಲ್ಲು. ಮೊದಲ ಸಲ ನೋಡಿದಾಗ, ಗಡ್ಡದಿಂದ ಕೆಂಪು ತೊಟ್ಟಿಕ್ಕುತ್ತಿತ್ತು. ಯಾರೋ ಇವನಿಗೆ ಹೊಡೆದಿದ್ದಾರೆ ಅಂದುಕೊಂಡು ಕುಡುಗೋಲು ಹಿಡಿದೇ ಹತ್ತಿರ ಹೋಗಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸು. ಚಿತ್ರದ ವಿಷಯ ನನಗೆ ತಿಳಿಯದು. ನಾಗರಾಜನ ವಿಷಯ ತಿಳಿಯುತ್ತದೆ, ಯಾಕೆಂದರೆ ನಮ್ಮ ಹುಳದ ಮನೆಯಲ್ಲೇ ಇದ್ದ. ಏರ್‌ಪೋರ್ಟಿಗೆ ಹಿಪ್ಪುನೇರಳೆ ತೋಟ ಹೋದ ಮೇಲೆ ರೇಷ್ಮೆ ಹುಳು ಸಾಕುವುದು ನಿಂತು ಆ ಮನೆ ಖಾಲಿ ಬಿದ್ದಿತ್ತು. ಬೆಂಗಳೂರಿನಿಂದ ಬಂದು ಬಾಡಿಗೆಗೆ ಕೇಳಿದ. ಅಲ್ಲಿ ಅವನ ಚಿತ್ರಗಳನ್ನು ದೊಡ್ಡೋರು ಗೋಡೆಗೆ ಹಾಕಿಕೊಳ್ಳುತ್ತಿದ್ದರಂತೆ. ಒಂದು ಸಲ ಗಂಗಾವತಿ ಕಡೆ ಬೆಟ್ಟದ ಗವಿಯಲ್ಲಿ, ಯಾವುದೋ ಕಾಲದ ಜನ ಮಣ್ಣಿನಲ್ಲಿ ಬರೆದ ದನ, ಜಿಂಕೆ ನೋಡಿಬಂದನಂತೆ. ಅಂಗಡಿಯ ಬಣ್ಣವನ್ನು ಅವತ್ತೇ ಬಿಟ್ಟ. ನಮ್ಮ ಗುಡ್ಡದ ಗವಿಬಂಡೆ ಅವನಿಗೆ ಹೇಗೆ ಗೊತ್ತಾಯಿತೋ ಕಾಣೆ.

ಕರಡಿ, ಕಾಡುಹಂದಿ, ಕೊಡೆಯಷ್ಟು ಅಗಲ ಕೊಂಬಿನ ಗೂಳಿ ಬರೆಯುವನು. ಒಂದಕ್ಕೂ ಕಣ್ಣಿರಲಿಲ್ಲ.

"ಕಣ್ಣಿಲ್ದೆ ಹೆಂಗಪ್ಪ ನಡೀತಾವೆ?" ಅಂದೆ.

"ಕಣ್ಣಿದ್ರೆ ಓಡೋಗ್ಬಿಡ್ತಾವಮ್ಮ. ಮುಂದೆ ಬರೋದು ಕಾಣ್ಸುತ್ತಲ್ಲ."

ಮುಂದೆ ಬರುವುದು ನಮಗೆಲ್ಲ ಕೇಳಿಸುತ್ತಲೇ ಇತ್ತು. ಗುಡ್ಡದ ಆಚೆ ಮಗ್ಗುಲಲ್ಲಿ ಜಲ್ಲಿ ಕ್ರಷರ್. ಮಧ್ಯಾಹ್ನ ಸೈರನ್ ಕೂಗಿದರೆ ಹೆಂಗಸರು ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುವರು. ಸಿಡಿಮದ್ದು ಸಿಡಿದರೆ ಅಟ್ಟದ ಮೇಲಿನ ಮಡಕೆಗಳು ಒಂದಕ್ಕೊಂದು ತಾಗುವವು. ಹುಣಸೆಮರ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಗವಿಯ ಬಾವಲಿಗಳು ಒಂದಿನ ಹಾಡುಹಗಲೇ ಎದ್ದು ಹೋದವು, ತಿರುಗಿ ಬರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಈ ಮಗ್ಗುಲಿಗೂ ಬರ್ತೀವಿ ಅಂತ ಕಂಟ್ರಾಕ್ಟರ್ ಹೇಳಿದ್ದ.

"ಒಡೆದಾಕೋ ಬಂಡೆಗೆ ಯಾಕಪ್ಪ ಬರೀತೀಯ?"

"ಇಲ್ಲಿ ಜನ ಇದ್ರು ಅಂತ ಒಡೆಯೋರಿಗೆ ಗೊತ್ತಾಗ್ಲಿ."

"ಗೊತ್ತಾದ್ರೆ ಬಿಟ್ಬಿಡ್ತಾರಾ?"

"ಬಿಡಲ್ಲ."

"ಮತ್ತೆ?"

"ಬರೆದಿರ್ತೀನಲ್ಲಮ್ಮ," ಅಂದು ಇನ್ನೊಂದು ಬಾಯಿ ಮಣ್ಣು ತುಂಬಿಕೊಂಡ. ಮಾತು ಬೇಡವಾದಾಗ ಅವನು ಮಾಡುತ್ತಿದ್ದುದೇ ಅದು.

ಸಂಕ್ರಾಂತಿಯೊಳಗೆ ಊರಿನವರೆಲ್ಲರ ಕೈಯನ್ನೂ ಆ ಬಂಡೆಯ ಮೇಲೆ ಮೂಡಿಸಬೇಕು ಅನ್ನೋದು ಅವನ ಆಸೆ. ಒಂದು ಸಂಜೆ ಅರಳಿಕಟ್ಟೆಗೆ ಬಂದು ಕೇಳಿಯೇಬಿಟ್ಟ. ಮುನಿಯಪ್ಪ ಬೀಡಿ ಕೆಳಗಿಟ್ಟು ಹೇಳಿದ: "ಒಂದು ಹೆಬ್ಬೆಟ್ಟು ಒತ್ತಿದ್ದಕ್ಕೇ ಹೊಲ ಹೋಯ್ತು. ಇವ್ನು ಐದು ಬೆರಳೂ ಕೇಳ್ತಾವ್ನೆ ಕಣ್ರಲಾ."

"ಅಂಗೈಯೂ ಸೇರ್ಸಿ," ಅಂದ ಅವನ ತಮ್ಮ.

"ಅಂದ್ರೆ ಮನೇನೂ ಸೇರ್ಸಿ."

ಯಾರೂ ನಗಲಿಲ್ಲ. ಬೆಳಿಗ್ಗೆ ಗವಿಯಲ್ಲಿ ಅವನ ಮಣ್ಣಿನ ಕುಡಿಕೆಗಳೆಲ್ಲ ಒಡೆದು ಬಿದ್ದಿದ್ದವು. ಯಾರು ಒಡೆದದ್ದು ಅಂತ ನಾಗರಾಜ ಕೇಳಲಿಲ್ಲ. ಹೊಸ ಕುಡಿಕೆ ತಂದ. ಯಾರೂ ಕೈ ಕೊಡದಿದ್ದಕ್ಕೆ ತನ್ನ ಕೈಯನ್ನೇ ಒತ್ತುತ್ತಾ ಹೋದ. ಬಂಡೆತುಂಬ ಕೈಗಳು, ಎಲ್ಲವೂ ಒಬ್ಬನವೇ. ನೋಡಿದರೆ ಒಳಗೆ ಸಿಕ್ಕಿಬಿದ್ದವನು ಬಾಗಿಲು ಬಡಿದ ಹಾಗೆ ಕಾಣುತ್ತಿತ್ತು.

ದೀಪಾವಳಿ ಹೊತ್ತಿಗೆ ಕೆಮ್ಮು ಹಿಡಿಯಿತು. ಬೆಳಗಾನ ಹುಳದ ಮನೆಯಿಂದ ಅದೇ ಸದ್ದು. ಕಲ್ಲಿನ ಧೂಳು ಕುಡಿದರೆ ಇನ್ನೇನಾಗುತ್ತದೆ? ಬಾಯಿಗೆ ಟವೆಲ್ ಕಟ್ಟಿಕೋ ಅಂದೆ. "ಬಾಯಿ ಕಟ್ಕೊಂಡ್ರೆ ಊದೋದು ಯಾವುದ್ರಲ್ಲಮ್ಮ?" ಅಂದ. ಆಸ್ಪತ್ರೆಗೆ ಹೋಗು ಅಂದೆ. ಇದೊಂದು ಮುಗೀಲಿ ಅಂದ. ಅಂಗಿ ಮೊಳೆಗೆ ನೇತುಹಾಕಿದ ಹಾಗೆ ಮೈಮೇಲೆ ಜೋಲುತ್ತಿತ್ತು. ಅವನು ಉಗಿದದ್ದು ಮಣ್ಣೋ ಮತ್ತೊಂದೋ, ಎಲ್ಲ ಕೆಂಪೇ ಆದ್ದರಿಂದ ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

ಒಂದಿನ ಮುದ್ದೆ ತಗೊಂಡು ಹತ್ತಿದೆ. ಬಂಡೆಗೆ ಒರಗಿ ಕೂತಿದ್ದ.

"ನೀವಾದ್ರೂ ಕೈ ಕೊಡಿ ಅಮ್ಮ."

ಹೊಲ ಹೋದಾಗ ಹೆಬ್ಬೆಟ್ಟು ಒತ್ತಿದವಳಲ್ಲ ನಾನು, ಸೈ ಹಾಕಿದವಳು. ಕೈಯ ಭಯ ನನಗಿಲ್ಲ. "ಕೊಡ್ತೀನಿ. ನಾಳೆ ನೀನು ಬಸ್ ಹತ್ಬೇಕು. ದೊಡ್ಡಾಸ್ಪತ್ರೆಗೆ," ಅಂದೆ.

ಬಂಡೆ ಹಿಡಿದು ಎದ್ದ. "ಹತ್ತೀನಿ."

ಕೈ ಒತ್ತಿದೆ. ಕಲ್ಲು ತಣ್ಣಗಿತ್ತು. ಅವನು ಬಾಯಿ ತುಂಬಿಕೊಂಡು ಹತ್ತಿರ ಬಂದು ಊದಿದ. ಮೊದಲು ಬಿದ್ದದ್ದು ತಣ್ಣಗೆ, ನುಣ್ಣಗೆ. ನಡುವೆ ಕೆಮ್ಮು ಬಂತು. ಅದನ್ನು ತಡೆಯಲು ಹೋಗಿ ಎದೆ ಹಿಡಿದುಕೊಂಡ, ಆಗಲಿಲ್ಲ. ಆಮೇಲೆ ನನ್ನ ಕೈಮೇಲೆ ಬಿದ್ದದ್ದು ಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ಅಂಟಿಕೊಂಡು ಇಳಿಯಿತು.

"ನಾಗರಾಜ, ಇದು ಮಣ್ಣಲ್ಲ."

"ಗೊತ್ತಮ್ಮ. ಕೈ ಅಲ್ಲಾಡಿಸ್ಬೇಡಿ."

ಅಲ್ಲಾಡಿಸಲಿಲ್ಲ. ಅವನು ಮುಗಿಸಿದ. ಮಣ್ಣು ಒಣಗಿದರೂ ಕೆಂಪಾಗೇ ಇರುತ್ತದೆ. ರಕ್ತ ಹಾಗಲ್ಲ, ಕಪ್ಪಾಗುತ್ತದೆ. ಮಾರಮ್ಮನ ಮುಂದೆ ಕುರಿ ಕಡಿದ ಕಲ್ಲು ನೋಡಿದವರಿಗೆ ಅದು ಗೊತ್ತು. ನಾನು ಇಳಿಯಲು ಹೊರಡುವಷ್ಟರಲ್ಲೇ ಬಂಡೆಯ ಮೇಲೆ ಅದರ ಅಂಚು ಕಂದುತ್ತಿತ್ತು.

ಮಾರನೇ ದಿನ ಮಾತಿನಂತೆ ಬಸ್ ಹತ್ತಿದ. ಮೆಟ್ಟಿಲ ಮೇಲೆ ನಿಂತು, "ಬಂಡೆ ಒಡೆದ ದಿನ ಒಂದು ಫೋನ್ ಮಾಡ್ಸಿ ಅಮ್ಮ. ಅಷ್ಟು ಸಾಕು," ಅಂದ. ಬಾಯಿ ತೊಳೆದುಕೊಂಡು ಬಂದಿದ್ದ. ಅವನ ತುಟಿ ಇಷ್ಟೊಂದು ಬೆಳ್ಳಗಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಸಂಕ್ರಾಂತಿ ಆಯಿತು. ಮಿಷನ್ನು ಬಂತು, ಗವಿಯ ಪಕ್ಕದಲ್ಲಿ ಎರಡು ಕಡೆ ತೂತು ಹೊಡೆದರು. ಕಲ್ಲು ಪದರ ಬಿಡುತ್ತೆ, ಜಲ್ಲಿಗೆ ಆಗಲ್ಲ ಅಂತ ಬೇರೆ ಗುಡ್ಡ ನೋಡಿಕೊಂಡು ಹೋದರು. ಒಡೆದ ದಿನ ಫೋನ್ ಮಾಡಿಸಿ ಅಂದಿದ್ದ. ಒಡೆಯಲಿಲ್ಲ, ಮಾಡಿಸಲಿಲ್ಲ.

ಯುಗಾದಿ ಕಳೆದ ಮೇಲೆ ಅವನ ಅಕ್ಕ ಸಾಮಾನು ತಗೊಂಡು ಹೋಗೋದಕ್ಕೆ ಬಂದಳು. ಬಂದವಳ ಮುಖ ನೋಡಿ ನಾನು ಏನೂ ಕೇಳಲಿಲ್ಲ. ಅವಳೇ ಕೇಳಿದಳು: "ಕೊನೇವರೆಗೂ ಫೋನ್ ಬಂತಾ ಅಂತಿದ್ದ. ಬಂಡೆ ಯಾವತ್ತು ಒಡೆದ್ರು?"

"ಒಡೀಲಿಲ್ಲ ತಾಯಿ. ಅಲ್ಲೇ ಇದೆ."

ಅವಳು ಒಬ್ಬಳೇ ಹತ್ತಿ ಹೋದಳು. ಇಳಿದು ಬರುವಾಗ ಬಿಸಿಲು ಇಳಿದಿತ್ತು.

"ಎಲ್ಲಾ ಕೈ ಸುತ್ತಾನೂ ಕೆಂಪಗಿದೆ. ಒಂದರ ಸುತ್ತ ಮಾತ್ರ ಕರ್ರಗಿದೆ. ಅದು ಅವನದಲ್ಲ. ಯಾರದು?"

"ನಂದು," ಅಂದೆ.

ನನ್ನ ಕೈ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ನೋಡಲಿ ಅಂತ ಸುಮ್ಮನೆ ಕೊಟ್ಟೆ. ತೊಳೆದ ಕೈ, ಅದರಲ್ಲೇನಿರುತ್ತದೆ.