ಗೀಜಗನ ತೋರಣ

ನಾನು ನಿಂತಿದ್ದದ್ದು ಶಾಲೆಯ ಜಗಲಿಯ ಎಡ ತುದಿಯಲ್ಲಿ, ಗಂಟೆ ತೂಗುಹಾಕಿದ್ದ ಕಂಬದ ಪಕ್ಕ. ಅರವತ್ತರ ದಶಕದ ಮೊದಲ ವರ್ಷಗಳು. ಭಾದ್ರಪದದ ಒಂದು ಶನಿವಾರ, ಬೆಳಗಿನ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ನನ್ನ ಕೈಯಲ್ಲಿ ಹಾರದ ತಟ್ಟೆ ಇತ್ತು. ತೋರಣ ಎದುರಿಗೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಊರಿನವರು ಟೀಚರ್‌ಗೆ ತಲೆ ಕೆಟ್ಟಿತ್ತು ಅಂದರು. ಕೆಟ್ಟಿರಲಿಲ್ಲ. ನಾನು ನೋಡಿದ್ದೇನೆ.

ಅಜ್ಜಂಪುರದಿಂದ ತರೀಕೆರೆ ಕಡೆಗೆ ಹೋಗುವ ದಾರಿಯಲ್ಲಿದ್ದ ಹಳ್ಳಿ ಅದು. ನಾನು ಕಡೂರಿನಿಂದ ಹೊಸದಾಗಿ ಬಂದಿದ್ದ ಮೇಷ್ಟ್ರು. ಟೀಚರ್ ನನಗಿಂತ ಹಿರಿಯರು, ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿ ಬೆಳೆದವರು. ಅಮೃತಮಹಲ್ ದನ ಮೇಯುವ ಆ ಕಾವಲಿನಲ್ಲಿ ಮನುಷ್ಯನೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಅವರ ಪಾಠವೆಲ್ಲ ಅಲ್ಲಿಂದಲೇ ಬಂದದ್ದು ಅಂತ ನನಗೆ ಅನ್ನಿಸುತ್ತದೆ. ಪ್ರತಿ ಶನಿವಾರ ಐದನೇ ಕ್ಲಾಸಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಹೊರಡುವ ಮುಂಚೆ ಮಕ್ಕಳ ಬಾಯಲ್ಲೇ ಹೇಳಿಸುತ್ತಿದ್ದರು: ಅಲ್ಲಿರೋರ ಮನೆಗೆ ನಾವು ನೆಂಟರು. ನೋಡಬೇಕು, ಕೀಳಬಾರದು. ಬಂದು ಹೋದ ಗುರುತು ಉಳಿಸಬಾರದು.

ಆ ವರ್ಷ ಮಳೆಗಾಲ ಶುರುವಾದಾಗಿನಿಂದ ಮಕ್ಕಳು ನೋಡುತ್ತಿದ್ದದ್ದು ಹಳೇ ಬಾವಿಯನ್ನು. ಬಾವಿಯ ಮೇಲೆ ಬಾಗಿದ್ದ ಈಚಲು ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೆ. ಗಂಡು ಅರ್ಧ ನೇಯ್ದು ರೆಕ್ಕೆ ಬಡಿಯುತ್ತದೆ. ಹೆಣ್ಣು ಬಂದು ಗೂಡಿನೊಳಗೆ ತೂರಿ, ಎಳೆ ಎಳೆದು ಪರೀಕ್ಷೆ ಮಾಡುತ್ತದೆ.

"ಮನೆ ನೋಡಕ್ಕೆ ಬಂದವ್ಳೆ ಕಣೋ," ಅಂದಳು ಒಬ್ಬ ಹುಡುಗಿ. ಮುಂದಿನ ಬೆಂಚಿನವಳು, ಬಾಯಿಗೆ ಬಿಡುವಿಲ್ಲದವಳು.

"ಒಪ್ಪಿಲ್ಲ ಕಣೇ, ನೋಡು, ಎದ್ದೇ ಹೋದ್ಲು!" ಅಂದ ಪಕ್ಕದ ಹುಡುಗ.

"ನಿಮ್ಮಪ್ಪ ಕಟ್ಸಿದ್ ಮನೆ ನೋಡಿದ್ರೂ ಹಂಗೇ ಹೋಗ್ತಾಳೆ ಬಿಡೋ."

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮರಿಗಳ ಸದ್ದು ಕೇಳಿಸಿದ ವಾರದಿಂದ ಮಕ್ಕಳು ಬಾವಿಯ ಹತ್ತಿರ ಹೋಗಲಿಲ್ಲ. ದೂರದ ಬದುವಿನ ಮೇಲೇ ಕೂರುತ್ತಿದ್ದರು. ಯಾರೂ ಗದರಿರಲಿಲ್ಲ.

ಆದರೆ ಕೆಲವು ತಂದೆತಾಯಿಗಳು ದೂರು ಕೊಟ್ಟಿದ್ದರು, ಮಕ್ಕಳು ಓದು ಬಿಟ್ಟು ಅಲೆಯುತ್ತವೆ ಅಂತ. ತರೀಕೆರೆಯಿಂದ ಶಾಲೆ ತನಿಖೆಯ ಸಾಹೇಬರು ಬಂದು ನೋಡಿ, ಈ ಶನಿವಾರದ ಪಾಠ ಇರಬೇಕೋ ಬೇಡವೋ ಹೇಳುವವರಿದ್ದರು. ಟೀಚರ್‌ಗೆ ಅದೊಂದೇ ಚಿಂತೆ.

ಹೆಡ್‌ಮೇಷ್ಟ್ರು ಪಾಠ ಉಳಿಸಲೆಂದೇ ಹೊರಟರು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಟೀಚರ್ ಹೇಳಿಸುತ್ತಿದ್ದ ಮಾತುಗಳನ್ನು ಒಂದು ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿದರು. ಸುಗ್ಗಿ ಮುಗಿದ ಮೇಲೆ ಗೀಜಗನ ಖಾಲಿ ಗೂಡು ತಂದು ಬಾಗಿಲಿಗೆ ಕಟ್ಟುವುದು ಆ ಊರಿನ ಕೆಲವು ಮನೆಗಳ ರೂಢಿ. ಅದು ಅವರ ತಲೆಯಲ್ಲಿತ್ತು. ಪ್ರಕೃತಿ ಪಾಠ ನೋಡಲು ಬರುವ ಸಾಹೇಬರಿಗೆ ಮಾವಿನೆಲೆ ಏಕೆ, ಗೂಡಿನದೇ ತೋರಣ ಕಟ್ಟೋಣ ಅಂದರು. ಹಿಂದಿನ ಸಂಜೆ ಜವಾನನನ್ನು ಮರ ಹತ್ತಿಸಿದರು. ಸುಗ್ಗಿ ಇನ್ನೂ ಬಹಳ ದೂರವಿತ್ತು. ಇಷ್ಟು ನಾನು ಕಂಡದ್ದಲ್ಲ, ಆಮೇಲೆ ಜವಾನನೇ ಹೇಳಿದ್ದು.

ಕಂಡದ್ದು ಇದು. ಹಗ್ಗದುದ್ದಕ್ಕೂ ಹಸಿರು ಇನ್ನೂ ಆರದ ಗೂಡುಗಳು. ಅವುಗಳ ಕೆಳಗೆ ಹಲಗೆ: ನೋಡಬೇಕು, ಕೀಳಬಾರದು. ಸಾಹೇಬರು ಹಲಗೆಯನ್ನು ಗಟ್ಟಿಯಾಗಿ ಓದಿದರು, ತಲೆದೂಗಿದರು, ಭಾಷಣ ಶುರು ಮಾಡಿದರು. ಟೀಚರ್ ಮಕ್ಕಳ ಸಾಲಿನ ಹಿಂದೆ, ಬಿಸಿಲಿಗೆ ಎದುರಾಗಿ ನಿಂತಿದ್ದರು. ಅವರಿಗೆ ತೋರಣ ಮೊದಲು ಕಾಣಲಿಲ್ಲವೇನೋ. ಆಗ ತೋರಣದೊಳಗಿಂದ ಸಣ್ಣ ಸದ್ದು ಬಂತು.

"ಕೇಳಿದಿರಾ? ಪಕ್ಷಿಗಳೇ ಸ್ವಾಗತ ಹಾಡ್ತಾ ಇವೆ," ಅಂದರು ಸಾಹೇಬರು. ಹೆಡ್‌ಮೇಷ್ಟ್ರು ನಕ್ಕು ಚಪ್ಪಾಳೆ ತಟ್ಟಿದರು.

ಮುಂದಿನ ಬೆಂಚಿನ ಆ ಹುಡುಗಿ ಕಿರುಚಿದಳು: "ಟೀಚರ್, ಒಳಗವೆ! ಮರಿ ಒಳಗವೆ!"

"ಬಾಯ್ಮುಚ್ಚೇ!" ಅಂತ ಹೆಡ್‌ಮೇಷ್ಟ್ರು ಗದರಿದರು.

ಏನೋ ನನ್ನ ತಟ್ಟೆಯಲ್ಲಿ, ಸೇವಂತಿಗೆ ಹಾರದ ಮೇಲೆ, ಬಿತ್ತು. ಪುಕ್ಕ ಬಂದಿರಲಿಲ್ಲ. ಬಾಯಿ ತೆರೆದೇ ಇತ್ತು.

ಟೀಚರ್ ಓಡಲಿಲ್ಲ, ಕೂಗಲಿಲ್ಲ. ಬೆಂಚು ಎಳೆದು ಹತ್ತಿದರು. ಹೆಡ್‌ಮೇಷ್ಟ್ರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು: "ಏನಮ್ಮಾ ಇದು, ಇಳೀರಿ! ಸಾಹೇಬ್ರು ಒಪ್ಪೋ ಹೊತ್ತು. ನಿಮ್ ಪಾಠಕ್ಕೇ ಕಣ್ರೀ ನಾನಿಷ್ಟೆಲ್ಲ ಮಾಡಿದ್ದು!"

"ಯಾವ ಪಾಠ ಸಾರ್?" ಅಂದರು ಟೀಚರ್. ಹಗ್ಗದ ಗಂಟು ಬಿಚ್ಚಿದರು.

ನಾನು ತಟ್ಟೆ ಕೆಳಗಿಟ್ಟು ಹಗ್ಗದ ಇನ್ನೊಂದು ತುದಿ ಹಿಡಿದೆ. ಮಕ್ಕಳೆಲ್ಲ ಸಾಲು ಮುರಿದು ನಮ್ಮ ಹಿಂದೆ ಬಂದರು. ಬಾವಿಯ ಮೇಲೆ ಗೀಜಗಗಳು ಈಚಲ ಗರಿ ಕಡಿದ ಜಾಗವನ್ನೇ ಸುತ್ತುತ್ತಿದ್ದವು. ಗೂಡುಗಳನ್ನು ಮರಕ್ಕೆ ಮತ್ತೆ ಕಟ್ಟಿದೆವು. ನಮಗೆ ಬಂದದ್ದು ಅಷ್ಟೇ. ಒಂದು ಹಕ್ಕಿಯೂ ಹತ್ತಿರ ಬರಲಿಲ್ಲ. ಮಧ್ಯಾಹ್ನಕ್ಕೆ ಕಾಗೆಗಳು ಬಂದವು. ಟೀಚರ್ ಮಕ್ಕಳನ್ನು ಮನೆಗೆ ಕಳಿಸಲಿಲ್ಲ. "ಇದನ್ನೂ ನೋಡಿ," ಅಂದರು. ಬದುವಿನ ಮೇಲೆ ಕೂತು ನೋಡಿದೆವು.

ಸಾಹೇಬರು ಹೇಳಿ ಹೋದದ್ದು ಹೆಡ್‌ಮೇಷ್ಟ್ರ ಬಾಯಲ್ಲಿ ಬಂತು: ಮಕ್ಕಳಿಗೆ ಶಿಸ್ತಿಲ್ಲ, ಶನಿವಾರದ ಪಾಠ ನಿಲ್ಲಿಸಿ. ನಿಂತಿತು. ಟೀಚರ್‌ಗೆ ಬೇರೆ ಊರಿಗೆ ವರ್ಗವಾಯಿತು. ಹಲಗೆಗೆ ಮಾತ್ರ ಏನೂ ಆಗಲಿಲ್ಲ. ಅದನ್ನು ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿದರು. ಮಕ್ಕಳನ್ನು ಒಳಗೆ ಕೂರಿಸಿ, ಕಿಟಕಿ ಮುಚ್ಚಿ, ದಿನಾ ಆ ಮಾತನ್ನೇ ಒಕ್ಕೊರಲಿನಿಂದ ಹೇಳಿಸಿದರು. ಬಂದವರೆಲ್ಲ ಹೊಗಳಿದರು. ನಾನು ಆ ಬಾಗಿಲಲ್ಲಿ ತಲೆ ತಗ್ಗಿಸಿ ನುಗ್ಗುತ್ತಿದ್ದೆ, ಓದಬಾರದು ಅಂತ. ಕೊಂದದ್ದಕ್ಕಿಂತ ಹೀಗೆ ಹೇಳಿಸಿದ್ದಕ್ಕೇ ನನಗೆ ಹೆಚ್ಚು ಸಿಟ್ಟು, ಇವತ್ತಿಗೂ. ಗೂಡು ಕಿತ್ತದ್ದು ತಿಳಿಯದೆ ಆಗಿರಬಹುದು. ಇದು ತಿಳಿದೇ ಮಾಡಿದ್ದು.

ಟೀಚರ್ ಈಗಿಲ್ಲ. ಹೆಡ್‌ಮೇಷ್ಟ್ರೂ ಇಲ್ಲ. ಮರ ಹತ್ತಿದ ಜವಾನ ಯಗಟಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಕಿರುಚಿದ ಹುಡುಗಿ ಸಖರಾಯಪಟ್ಟಣದಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ. ನನ್ನ ಮಾತು ನಂಬದಿದ್ದರೆ ಅವಳನ್ನು ಕೇಳಿ. ಆ ಸದ್ದು ಏನೆಂದು ಮೊದಲು ತಿಳಿದದ್ದು ಅವಳಿಗೆ.